ಗಾಸಿಪ್ ಅನ್ನುವ ನಂಟಸ್ತಿಕೆ

ಹೆರಿಗೆ ರಜೆ ಮುಗಿಸಿ ಬಂದ ಗೆಳತಿಯ ಸುತ್ತ ನಾವು ಕೆಲವರು ಆಫೀಸಿನ ಪ್ಯಾಂಟ್ರಿಯಲ್ಲಿ ಕೂತಿದ್ದೆವು. ಮಗು ಬಾಟಲಿ ಹಾಲು ಮುಟ್ಟುತ್ತಿಲ್ಲ. ಮುಂದಿನ ವಾರ ಅತ್ತೆ ಊರಿಗೆ ಹೊರಡುತ್ತಾರೆ. ರಾತ್ರಿ ನಿದ್ದೆ ಇಲ್ಲ, ಹಗಲು ಮೀಟಿಂಗಿನಲ್ಲಿ ಕಣ್ಣು ಎಳೆಯುತ್ತದೆ. ಹೇಳುತ್ತಾ ಹೇಳುತ್ತಾ ಅವಳ ಗಂಟಲು ಕಟ್ಟಿತು. ಒಬ್ಬಳು ತನ್ನ ಮಗುವನ್ನು ಬಿಡುವ ಡೇಕೇರಿನ ಬಗ್ಗೆ ಹೇಳಿದಳು. ಅಲ್ಲಿನ ಆಯಾ ಹೇಗೆ, ಜ್ವರ ಬಂದರೆ ಏನು ಮಾಡುತ್ತಾರೆ, ಎಲ್ಲ. ಇನ್ನೊಬ್ಬಳು, ಮೊದಲ ಮಗುವಾದಾಗ ತನ್ನ ಗಂಡ ಬೇರೆ ರೂಮಿಗೆ ಹೋಗಿ ಮಲಗುತ್ತಿದ್ದದ್ದನ್ನೂ, ಅದಕ್ಕೆ ತಾನು ಏನು ಮಾಡಿದೆ ಅನ್ನುವುದನ್ನೂ ಹೇಳಿದಳು. ಗೆಳತಿ ಕಣ್ಣೀರಿನ ನಡುವೆಯೇ ನಕ್ಕಳು. ಅಷ್ಟರಲ್ಲಿ ಕಾಫಿಗೆಂದು ಬಂದ ಹಿರಿಯರೊಬ್ಬರು ನಮ್ಮನ್ನು ನೋಡಿ, "ಏನ್ರೀ, ಗಾಸಿಪ್ ನಡೀತಿದ್ಯಾ?" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಗೆಳತಿ ತಟ್ಟನೆ ಕಣ್ಣೊರೆಸಿಕೊಂಡು ಎದ್ದಳು. ನಾವೂ ಎದ್ದೆವು. ಆ ಮಾತು ಅಲ್ಲಿಗೇ ನಿಂತಿತು.

ಒಂದೇ ಒಂದು ಪದ ಅಷ್ಟು ಜನರನ್ನು ಎಬ್ಬಿಸಿತಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕನ್ನಡದಲ್ಲಿ ಹರಟೆ, ಕಾಡುಹರಟೆ, ಚಾಡಿ ಅಂತೆಲ್ಲ ಇದ್ದರೂ ಈಗ ನಮ್ಮ ಬಾಯಿಗೆ ಸುಲಭವಾಗಿ ಬರುವುದು ಗಾಸಿಪ್ಪೇ. ಸಿನಿಮಾ ಸುದ್ದಿಗೂ ಅದೇ, ಅಪಾರ್ಟ್‌ಮೆಂಟಿನ ಲಿಫ್ಟಿನ ಹತ್ತಿರ ಇಬ್ಬರು ಹೆಂಗಸರು ನಿಂತರೂ ಅದೇ. ಈ ಪದದ ಬೇರು ಹುಡುಕುತ್ತಾ ಹೋದೆ. ಅದು ಎರಡು ಪದ ಸೇರಿ ಆದ ಜೋಡುಪದ ಅಂತ ಗೊತ್ತಾಯಿತು. ಆ ಎರಡು ಪದಗಳನ್ನು ನೋಡಿದ ಮೇಲೆ ಪ್ಯಾಂಟ್ರಿಯಲ್ಲಿ ಎದ್ದುಹೋಗಬಾರದಿತ್ತು ಅನ್ನಿಸಿತು.

ದೇವರ ಹೆಸರಿನ ನಂಟು

ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಗಾಡ್‌ಸಿಬ್' ಅಂತಿತ್ತು. ಗಾಡ್ ಅಂದರೆ ದೇವರು. ಸಿಬ್ ಅಂದರೆ ರಕ್ತಸಂಬಂಧಿ, ನಂಟ. ಇವತ್ತಿನ 'ಸಿಬ್ಲಿಂಗ್' ಅನ್ನುವುದರಲ್ಲಿ ಇರುವುದೂ ಇದೇ ಸಿಬ್. ಹಳೆಯ ಇಂಗ್ಲಿಷಿನಲ್ಲಿ ಸಿಬ್ ಅನ್ನುವುದಕ್ಕೆ ಶಾಂತಿ, ನೆಮ್ಮದಿ ಅನ್ನುವ ಅರ್ಥವೂ ಇತ್ತು. ಯಾರ ಜೊತೆ ನಂಟಿದೆಯೋ ಅವರ ಜೊತೆ ಜಗಳ ಇಲ್ಲ ಅನ್ನುವ ಲೆಕ್ಕ. ಮಗುವನ್ನು ನೀರಿನಿಂದ ಶುದ್ಧ ಮಾಡಿ ಕ್ರೈಸ್ತ ಮತಕ್ಕೆ ಸೇರಿಸುವ ಜ್ಞಾನಸ್ನಾನ ಮಾಡಿಸುವಾಗ ಅದರ ಪರವಾಗಿ ನಿಂತು ಮಾತು ಕೊಡುವವರು ಆ ಮಗುವಿಗೂ ಅದರ ತಂದೆತಾಯಿಗೂ ದೇವರ ಲೆಕ್ಕದಲ್ಲಿ ಬಂಧುಗಳಾಗುತ್ತಿದ್ದರು. ಅವರೇ ಗಾಡ್‌ಸಿಬ್. ಗಂಡಸಾದರೂ ಸರಿ, ಹೆಂಗಸಾದರೂ ಸರಿ.

ಈ ಪದ ಸಿಗುವ ಬಹಳ ಹಳೆಯ ಬರಹಗಳಲ್ಲಿ ಒಂದು, ಯಾರ್ಕ್‌ನ ಆರ್ಚ್‌ಬಿಷಪ್ ಆಗಿದ್ದ ವುಲ್ಫ್‌ಸ್ಟನ್ 1014ರ ಸುಮಾರಿಗೆ ಇಂಗ್ಲಿಷ್ ಜನರಿಗೆ ಮಾಡಿದ ಉಪದೇಶ. ಡೆನ್ಮಾರ್ಕ್ ಕಡೆಯಿಂದ ಬಂದ ಡೇನರ ದಾಳಿಗೆ ದೇಶ ನಲುಗಿಹೋಗಿತ್ತು. ಯಾಕೆ ಹೀಗಾಯಿತು ಅಂದರೆ ನಾವೇ ಕೆಟ್ಟಿದ್ದೇವೆ ಅಂತ ಅವನು ಪಾಪಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಒಂದು ಸಾಲು: ಈ ನಾಡಿನ ಉದ್ದಗಲಕ್ಕೂ ಜನ ತಮ್ಮ ಗಾಡ್‌ಸಿಬ್‌ಗಳನ್ನೂ ಜ್ಞಾನಸ್ನಾನದ ಮಕ್ಕಳನ್ನೂ ಲೆಕ್ಕವಿಲ್ಲದಷ್ಟು ಕೊಂದಿದ್ದಾರೆ. ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಾಸಿಪ್ಪನ್ನು ಕೊಲ್ಲುವುದು ಒಂದು ಕಾಲಕ್ಕೆ ಒಡಹುಟ್ಟಿದವರನ್ನು ಕೊಂದ ಹಾಗೆ, ದೇಶಕ್ಕೇ ಶಾಪ ತರುವ ಪಾಪ. ಈ ನಂಟನ್ನು ಚರ್ಚು ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಅಂದರೆ, ಮಗುವಿನ ತಾಯಿ ವಿಧವೆಯಾದರೂ ಜ್ಞಾನಸ್ನಾನದಲ್ಲಿ ಹಾಗೆ ನಿಂತವನನ್ನು, ಅಂದರೆ ಆ ಮಗುವಿನ ಗಾಡ್‌ಫಾದರನ್ನು ಮದುವೆಯಾಗುವಂತಿರಲಿಲ್ಲ. ಅಣ್ಣತಂಗಿ ಮದುವೆಯಾದಷ್ಟೇ ತಪ್ಪು ಅದು. ಇಂಗ್ಲೆಂಡಿನಲ್ಲಿ ಈ ಕಟ್ಟು ಬಿದ್ದುಹೋದದ್ದು ಪೋಪನ ಚರ್ಚಿನಿಂದ ದೇಶ ಬೇರೆಯಾದ ಮತಸುಧಾರಣೆಯ ಕಾಲದಲ್ಲಿ.

ಸಿಬ್ ಅನ್ನುವುದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ತನ್ನವರು, ತನ್ನ ಕುಲದವರು ಅನ್ನುವ ಅರ್ಥದ ಬೇರು ಅದು. ಜರ್ಮನ್ನಿನ 'ಸಿಪ್ಪೆ' ಅದರದೇ ಟಿಸಿಲು. ಅದೂ ಕುಲ, ಬಳಗ ಅನ್ನುವ ಪದ. ಸಂಸ್ಕೃತದ 'ಸಭಾ' ಕೂಡ ಇದೇ ಬೇರಿನದು ಅಂತ ಹಲವು ಪಂಡಿತರು ಹೇಳುತ್ತಾರೆ. ತನ್ನವರು ಸೇರಿದ ಕೂಟವೇ ಸಭೆ. ಗಂಡಸರು ಸೇರಿದ ಕಡೆ ಅದು ರಾಜಸಭೆ, ವಿಧಾನಸಭೆ ಆಯಿತು. ಹೆಂಗಸರು ಸೇರಿದ ಕಡೆ ಗಾಸಿಪ್ ಆಯಿತು. ಇದು ನನ್ನ ಮಾತು, ಪಂಡಿತರದ್ದಲ್ಲ.

ಗೌರವದ ಅರ್ಥ ಬಹಳ ಕಾಲ ಉಳಿದಿತ್ತು. ಶೇಕ್ಸ್‌ಪಿಯರ್ ಮತ್ತು ಫ್ಲೆಚರ್ ಸೇರಿ ಬರೆದ 'ಎಂಟನೆಯ ಹೆನ್ರಿ' ನಾಟಕ 1613ರದ್ದು. ಅದರ ಕೊನೆಯಲ್ಲಿ ರಾಜ ಹೆನ್ರಿಯ ಮಗಳು ಎಲಿಜಬೆತ್ ಅನ್ನುವ ಕೂಸಿನ ಜ್ಞಾನಸ್ನಾನ ಮುಗಿಯುತ್ತದೆ. ಗಾಡ್‌ಫಾದರ್ ಆಗಿ ನಿಂತವನು ಆರ್ಚ್‌ಬಿಷಪ್ ಕ್ರ್ಯಾನ್ಮರ್. ಜೊತೆಗೆ ದೊಡ್ಡ ಮನೆತನದ ಇಬ್ಬರು ಹೆಂಗಸರು. ಅವರು ತಂದ ಉಡುಗೊರೆ ನೋಡಿ ರಾಜ, ನನ್ನ ಮಾನ್ಯ ಗಾಸಿಪ್‌ಗಳೇ, ನೀವು ವಿಪರೀತ ಖರ್ಚು ಮಾಡಿದ್ದೀರಿ, ಈ ಮಗುವಿಗೆ ಇಂಗ್ಲಿಷ್ ಬಂದ ಮೇಲೆ ಅದೂ ನಿಮಗೆ ಥ್ಯಾಂಕ್ಸ್ ಹೇಳುತ್ತದೆ ಅನ್ನುತ್ತಾನೆ. ಆರ್ಚ್‌ಬಿಷಪ್‌ನನ್ನು ರಾಜ ತುಂಬಿದ ಸಭೆಯಲ್ಲಿ ಗಾಸಿಪ್ ಅಂತ ಕರೆಯುತ್ತಾನೆ, ಅದು ಮರ್ಯಾದೆ. ನಿಜವಾದ ಎಲಿಜಬೆತ್‌ಳ ಜ್ಞಾನಸ್ನಾನ ನಡೆದದ್ದು 1533ರಲ್ಲಿ, ಹುಟ್ಟಿದ ಮೂರನೇ ದಿನ. ತಾಯಿ ಆನ್ ಬೊಲೀನ್ ಅಲ್ಲಿರಲಿಲ್ಲ. ಆಗಿನ ಯಾವ ಬಾಣಂತಿಯೂ ಇರುತ್ತಿರಲಿಲ್ಲ.

ಬೀಗದ ಕಿಂಡಿಗೂ ಬಟ್ಟೆ

ಬಾಣಂತಿ ಎಲ್ಲಿರುತ್ತಿದ್ದಳು ಅನ್ನುವುದರಲ್ಲೇ ಈ ಪದದ ಮುಂದಿನ ಕಥೆ ಇದೆ. ಹದಿನಾರು, ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹೆರಿಗೆ ಹತ್ತಿರ ಬಂತು ಅಂದರೆ ಒಂದು ಕೋಣೆಯನ್ನು ಅದಕ್ಕೆಂದೇ ಬಿಡಿಸುತ್ತಿದ್ದರು. ಕಿಟಕಿಗೆ ಪರದೆ ಎಳೆಯುತ್ತಿದ್ದರು. ಬೀಗದ ಕಿಂಡಿಗೂ ಬಟ್ಟೆ ತುರುಕುತ್ತಿದ್ದರು, ಗಾಳಿ ನುಗ್ಗಬಾರದು ಅಂತ. ಒಳಗೆ ಮೇಣದ ಬತ್ತಿಯ ಬೆಳಕು, ಬೆಂಕಿಯ ಕಾವು. ನೋವು ಶುರುವಾದ ಕೂಡಲೇ ಗಂಡ ಹೋಗಿ ಸೂಲಗಿತ್ತಿಯನ್ನೂ ನೆರೆಯ ಹೆಂಗಸರನ್ನೂ ಕರೆತರಬೇಕು. ಆ ಮೇಲೆ ಅವನಿಗೆ ಒಳಗೆ ಜಾಗವಿಲ್ಲ. ಹಾಗೆ ಬಂದ ಹೆಂಗಸರಿಗೆ ಗಾಸಿಪ್‌ಗಳು ಅಂತಲೇ ಹೆಸರು. ಅವರಲ್ಲಿ ಕೆಲವರು ಮುಂದೆ ಮಗುವಿನ ಗಾಡ್‌ಮದರ್ ಆಗುವವರು. ಉಳಿದವರಿಗೂ ಅದೇ ಹೆಸರು ಹಬ್ಬಿತು. ವೈನಿಗೋ ಬಿಯರಿಗೋ ಮೊಟ್ಟೆ, ಸಕ್ಕರೆ, ಮಸಾಲೆ ಹಾಕಿ ಕಾಯಿಸಿದ ಕಾಡಲ್ ಅನ್ನುವ ಗಂಜಿ ಬಾಣಂತಿಗೂ, ಬಂದವರಿಗೂ. ಹೆರಿಗೆಯಾದ ಮೇಲೂ ಸುಮಾರು ಒಂದು ತಿಂಗಳು ಅವಳು ಒಳಗೇ. ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ಚರ್ಚಿಗೆ ಹೋಗುತ್ತಿದ್ದವರು ಸೂಲಗಿತ್ತಿ ಮತ್ತು ಗಾಸಿಪ್‌ಗಳು.

ಸೂಲಗಿತ್ತಿಯ ಇಂಗ್ಲಿಷ್ ಹೆಸರೂ ಜೋಡುಪದವೇ. 'ಮಿಡ್‌ವೈಫ್' ಅನ್ನುವುದರಲ್ಲಿ ಮಿಡ್ ಅಂದರೆ ಜೊತೆಗೆ, ವೈಫ್ ಅಂದರೆ ಬರಿಯ ಹೆಂಗಸು. ಹೆರುವವಳ ಜೊತೆಗಿರುವವಳು. ನಮ್ಮ ಸೂಲಗಿತ್ತಿ ಪದದಲ್ಲಿ ಸೂಲು ಇದೆ, ಅಂದರೆ ಹೆರಿಗೆ ಅನ್ನುವ ಕೆಲಸವೇ ಇದೆ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಪದವೇ ಅವರ ಹೆಸರಿನ ಮುಂದೆ ಬಿರುದಿನ ಹಾಗೆ ನಿಂತಿತು. ಸಾವಿರಗಟ್ಟಲೆ ಹೆರಿಗೆ ಮಾಡಿಸಿದ ತಾಯಿ ಅವರು. ನನಗೆ ಆ ಸುದ್ದಿ ಓದಿ ಬಹಳ ಖುಷಿಯಾಗಿತ್ತು.

ಬೀಗದ ಕಿಂಡಿಗೆ ಬಟ್ಟೆ ತುರುಕುವ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜಿಮನೆಯ ನಡುಮನೆಯ ಪಕ್ಕದ ಕೋಣೆ. ಚಿಕ್ಕಮ್ಮನ ಬಾಣಂತನ ಅಲ್ಲಿ ನಡೆದಿತ್ತು. ನಾನು ಆಗ ಶಾಲೆಗೆ ಹೋಗುವ ಹುಡುಗಿ, ಬೇಸಿಗೆ ರಜೆ. ಬಚ್ಚಲಲ್ಲಿ ಅಡಿಕೆ ಸಿಪ್ಪೆಯ ಬೆಂಕಿ, ಹಂಡೆ ತುಂಬ ಮರಳುವ ನೀರು. ಎಣ್ಣೆ ಹಚ್ಚಲು ಬರುತ್ತಿದ್ದ ಅಜ್ಜಿಯೊಬ್ಬರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಚಿಕ್ಕಮ್ಮನ ಬೆನ್ನಿಗೆ ಬಿಸಿನೀರು ಎರಚುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ಆಮೇಲೆ ಕೋಣೆ. ಕಿಟಕಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ. ಚಿಕ್ಕಮ್ಮನ ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರೇ ಬರುತ್ತಿದ್ದರು. ದೊಡ್ಡಮ್ಮ, ಪಕ್ಕದ ಮನೆಯ ಅತ್ತೆ, ಕೆಳಗಿನ ಕೇರಿಯವರು. ಎಲೆ ಅಡಿಕೆಯ ತಟ್ಟೆ ನಡುವೆ. ನಾನು ಮೂಲೆಯಲ್ಲಿ ಮಗುವಿನ ಬಟ್ಟೆ ಮಡಿಸುವ ನೆಪದಲ್ಲಿ ಕೂತಿರುತ್ತಿದ್ದೆ.

ಅವರು ಊರಿನವರ ವಿಷಯ ಮಾತಾಡುತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾರ ಮನೆಯಲ್ಲಿ ಪಾಲು ಕೇಳಿದರು, ಯಾರ ಗಂಡ ಪೇಟೆಗೆ ಹೋದವನು ಎರಡು ದಿನ ಬಿಟ್ಟು ಬಂದ, ಯಾವ ಸೊಸೆಗೆ ತವರಿಗೆ ಕಳಿಸುವುದಿಲ್ಲ, ಎಲ್ಲ ಬರುತ್ತಿತ್ತು. ಆದರೆ ಒಂದು ಮಧ್ಯಾಹ್ನದ್ದು ಮಾತ್ರ ನನಗೆ ಅಕ್ಷರಶಃ ನೆನಪಿದೆ. ಮಗು ಅಳುತ್ತಿತ್ತು. ಚಿಕ್ಕಮ್ಮ ಎತ್ತಿಕೊಳ್ಳಲಿಲ್ಲ. ಗೋಡೆ ಕಡೆ ಮುಖ ಮಾಡಿ, "ನಂಗೆ ಇದರ ಮುಖ ನೋಡೋಕೂ ಮನಸ್ಸಿಲ್ಲ ಅಕ್ಕ" ಅಂದಳು. ನನಗೆ ಎದೆ ಧಸಕ್ಕಂತು. ಒಳಗಿದ್ದ ಯಾರಿಗೂ ಹಾಗೆ ಆದಂತೆ ಕಾಣಲಿಲ್ಲ. ದೊಡ್ಡಮ್ಮ ಎಲೆಗೆ ಸುಣ್ಣ ಸವರುತ್ತಲೇ, "ನಂಗೂ ಹಂಗೇ ಆಗಿತ್ತು ಮಾರಾಯ್ತಿ, ಹಿರಿಯವನು ಹುಟ್ಟಿದಾಗ. ಬಾವಿ ಕಡೆ ಹೋಗ್ಬೇಡ ಅಂತ ಅಮ್ಮ ಕಾವಲು ಕೂತಿದ್ಲು" ಅಂದಳು. ಪಕ್ಕದ ಮನೆಯ ಅತ್ತೆ ಮಗುವನ್ನು ಎತ್ತಿಕೊಂಡು ತಮ್ಮ ಮಡಿಲಲ್ಲಿ ಹಾಕಿಕೊಂಡರು. ಕೆಳಗಿನ ಕೇರಿಯವರು ಇನ್ನೊಬ್ಬರ ಮನೆಯ ಕಥೆ ತೆಗೆದರು. ಆ ಬಾಣಂತಿ ಮೂರು ತಿಂಗಳು ಮಾತೇ ಆಡಿರಲಿಲ್ಲವಂತೆ, ಈಗ ನೋಡು, ಮಗನನ್ನು ಬಿಟ್ಟಿರುವುದಿಲ್ಲ. ಬೇರೆಯವರ ಮನೆಯ ಗುಟ್ಟು ಅದು. ಹೇಳಬಾರದ್ದು ಅನ್ನಬಹುದು. ಅದನ್ನು ಕೇಳಿದ ಮೇಲೆ ಚಿಕ್ಕಮ್ಮ ಈ ಕಡೆ ತಿರುಗಿದಳು. ಆ ದಿನಗಳಿಂದ ಸಂಜೆ ಒಬ್ಬರಲ್ಲ ಒಬ್ಬರು ಅವಳ ಜೊತೆ ಮಲಗಲು ಬರತೊಡಗಿದರು. ಯಾರೂ ಅದಕ್ಕೆ ಕಾಯಿಲೆಯ ಹೆಸರು ಹೇಳಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಜ್ಜನಿಗೆ ಇದೆಲ್ಲ ಏನೂ ಗೊತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ಗುಜುಗುಜು ಸದ್ದು ಮಾತ್ರ. "ಅದೇನು ಹೊತ್ತುಗೊತ್ತಿಲ್ಲದ ಪಂಚಾಯ್ತಿಕೆಯೋ ಇವರದು" ಅಂತ ಕೂಗಿ ಕಾಫಿ ಕೇಳಿದರು.

ನೋಹನ ಹೆಂಡತಿಯ ಹಟ

ಇಂಗ್ಲೆಂಡಿನ ಚೆಸ್ಟರ್ ಊರಿನಲ್ಲಿ ಬೈಬಲ್ಲಿನ ಕಥೆಗಳನ್ನು ಬಂಡಿಗಳ ಮೇಲೆ ಬೀದಿ ಬೀದಿಯಲ್ಲಿ ಆಡುತ್ತಿದ್ದರು. ಒಂದೊಂದು ಕಥೆ ಒಂದೊಂದು ಕಸುಬಿನವರದು. ಜಲಪ್ರಳಯದ ಕಥೆ ಡೀ ನದಿಯಿಂದ ನೀರು ಹೊತ್ತು ತರುವವರ ಪಾಲಿಗೆ ಬಂದಿತ್ತು, ಅದು ನನಗೆ ಬಹಳ ಇಷ್ಟವಾದ ವಿಷಯ. 1575ರಲ್ಲಿ ಕೊನೆಯ ಸಲ ಆಡಿದರು. ಆಮೇಲೆ ಅಧಿಕಾರದಲ್ಲಿದ್ದವರಿಗೆ ಇದೆಲ್ಲ ಹಳೆಯ ಪೋಪ್ ಮತದ ವಾಸನೆ ಅನ್ನಿಸಿ ನಿಂತುಹೋಯಿತು. ನಾಟಕದ ಮಾತುಗಳು ಮಾತ್ರ ಬರಹದಲ್ಲಿ ಉಳಿದುಕೊಂಡಿವೆ.

ಪ್ರಳಯದಿಂದ ಪಾರಾಗಲು ದೇವರ ಮಾತಿನಂತೆ ನೋಹ ಕಟ್ಟಿದ ನಾವೆ ಸಿದ್ಧವಾಗಿದೆ. ಪ್ರಾಣಿಗಳೆಲ್ಲ ಒಳಗೆ ಬಂದಾಗಿದೆ. ನೋಹ ಹೆಂಡತಿಯನ್ನು ಕರೆಯುತ್ತಾನೆ. ಅವಳು ಬರುವುದಿಲ್ಲ ಅನ್ನುತ್ತಾಳೆ. ನನ್ನ ಗಾಸಿಪ್‌ಗಳೆಲ್ಲ ಬಂದರೆ ಸರಿ, ಇಲ್ಲದಿದ್ದರೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ನನ್ನ ಕೈಲಾದರೆ ಅವರನ್ನು ಮುಳುಗಲು ಬಿಡುವುದಿಲ್ಲ. ಅವರು ನನ್ನನ್ನು ಬಹಳ ಪ್ರೀತಿ ಮಾಡಿದವರು. ಅವರನ್ನು ನಿನ್ನ ಪೆಟ್ಟಿಗೆಯೊಳಗೆ ಬಿಟ್ಟುಕೋ. ಆಗುವುದಿಲ್ಲ ಅಂದರೆ ನಿನಗೆ ಬೇಕಾದ ಕಡೆ ಹುಟ್ಟು ಹಾಕಿಕೊಂಡು ಹೋಗು, ಬೇರೆ ಹೆಂಡತಿಯನ್ನು ಮಾಡಿಕೋ. ಆಮೇಲೆ ಆ ಗೆಳತಿಯರು ಬರುತ್ತಾರೆ. ನೀರು ಎಲ್ಲ ಕಡೆಯಿಂದ ನುಗ್ಗುತ್ತಿದೆ, ಭಯವಾಗುತ್ತಿದೆ, ಹತ್ತಿರ ಹತ್ತಿರ ಬನ್ನಿ, ಅಗಲುವ ಮೊದಲು ಒಂದು ಗುಟುಕು ಕುಡಿಯೋಣ ಅಂತ ಹಾಡುತ್ತಾರೆ. ಕೊನೆಗೆ ಗಂಡುಮಕ್ಕಳು ತಾಯಿಯನ್ನು ಎಳೆದು ಒಳಗೆ ಹಾಕುತ್ತಾರೆ. ಬಾ ಹೆಂಡತಿ, ನಾವೆಗೆ ಸ್ವಾಗತ ಅನ್ನುತ್ತಾನೆ ನೋಹ. ಅವಳು ಅವನ ಕೆನ್ನೆಗೆ ಬಾರಿಸುತ್ತಾಳೆ.

ಬೀದಿಯಲ್ಲಿ ನಿಂತು ನೋಡಿದವರು ಬಿದ್ದು ಬಿದ್ದು ನಕ್ಕಿರಬೇಕು. ಗಯ್ಯಾಳಿ ಹೆಂಡತಿ, ಕುಡುಕಿ ಗೆಳತಿಯರು, ಪಾಪದ ಗಂಡ, ನಗಿಸಲೆಂದೇ ಬರೆದ ಭಾಗ ಅದು. ನಾನು ಓದಿದಾಗ ನಗು ಬರಲಿಲ್ಲ. ಇಡೀ ಕಥೆಯಲ್ಲಿ ನೆರೆಹೊರೆಯವರ ಗತಿ ಏನು ಅಂತ ಕೇಳಿದವಳು ಅವಳೊಬ್ಬಳೇ ಅಲ್ವಾ? ನೋಹ ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ. ಹುಲಿ, ಕರಡಿ, ಬೆಕ್ಕು, ನಾಯಿಗೆಲ್ಲ ಜಾಗ ಇತ್ತು. ಮೂರು ಗಂಡುಮಕ್ಕಳನ್ನು ಹೆತ್ತಾಗ ಅವಳ ಕೈ ಹಿಡಿದು ಕೂತವರು ಯಾರಿರಬಹುದು? ನಾಟಕ ಅದನ್ನು ಹೇಳುವುದಿಲ್ಲ. ಆದರೆ ಅವಳು ಬಳಸುವ ಪದ ಗಾಸಿಪ್, ಮತ್ತು ಆ ಕಾಲದ ಕೇಳುಗರಿಗೆ ಆ ಪದದೊಳಗೆ ಹೆರಿಗೆಯ ಕೋಣೆಯೂ ಇತ್ತು, ದೇವರ ನಂಟೂ ಇತ್ತು. ಆ ನಂಟನ್ನೇ ನೆನೆದು ಅವಳು ಹಟ ಹಿಡಿದಿದ್ದಾಳೆ ಅಂತ ನನಗೆ ಅನ್ನಿಸುತ್ತದೆ.

ಹೊರಗಿದ್ದವರ ನಿಘಂಟು

ಈ ಪದ ಕೆಟ್ಟದ್ದು ಒಂದೇ ಸಲಕ್ಕಲ್ಲ. ಹದಿನಾಲ್ಕನೇ ಶತಮಾನದ ಕೊನೆಗೇ ಇಂಗ್ಲಿಷ್ ಕವಿ ಚಾಸರ್‌ನ ಕಥೆಯ ಹೆಂಗಸು 'ವೈಫ್ ಆಫ್ ಬಾತ್' ತನ್ನ ಗಾಸಿಪ್ ಆಲಿಸನ್ ಬಗ್ಗೆ ಹೇಳುತ್ತಾಳೆ, ನನ್ನ ಮನಸ್ಸಿನ ಗುಟ್ಟು ಊರಿನ ಪಾದ್ರಿಗಿಂತ ಜಾಸ್ತಿ ಅವಳಿಗೆ ಗೊತ್ತು ಅಂತ. ಅಲ್ಲಿ ಗಾಸಿಪ್ ಅಂದರೆ ಜೀವದ ಗೆಳತಿ ಆಗಿಹೋಗಿದೆ. ಪಾದ್ರಿಗೆ ಹೇಳಬೇಕಾದ್ದನ್ನು ಗೆಳತಿಗೆ ಹೇಳುವುದು, ಗಂಡನ ವಿಷಯವನ್ನು ಗಂಡನಿಗೆ ಗೊತ್ತಿಲ್ಲದೆ ಹೇಳುವುದು. ಬಾಗಿಲ ಹೊರಗೆ ನಿಂತವನಿಗೆ ಇದು ಹೇಗೆ ಕಾಣಿಸೀತು? ಒಳಗೆ ತನ್ನ ವಿಷಯವೇ ನಡೆಯುತ್ತಿದೆ ಅನ್ನುವ ಅಳುಕು. ಹದಿನೇಳನೇ ಶತಮಾನದ ಗಂಡಸರ ಬರಹಗಳಲ್ಲಿ ಬಾಣಂತಿ ಕೋಣೆ ಅಂದರೆ ಗಂಡನ ದುಡ್ಡಿನಲ್ಲಿ ಕುಡಿದು ತಿಂದು ಅವನನ್ನೇ ಆಡಿಕೊಳ್ಳುವ ಜಾಗ. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಗಾಸಿಪ್‌ಗೆ ಮೂರು ಅರ್ಥ ಕೊಟ್ಟ. ಜ್ಞಾನಸ್ನಾನದಲ್ಲಿ ಮಗುವಿನ ಪರ ನಿಲ್ಲುವವರು. ಜೊತೆಗೆ ಕೂತು ಕುಡಿಯುವವರು. ಬಾಣಂತಿ ಕೋಣೆಯ ಹೆಂಗಸರ ಹಾಗೆ ಅಲ್ಲಿ ಇಲ್ಲಿ ಓಡಾಡಿ ಚಾಡಿ ಹೇಳುವವರು. ಪದ ಇಳಿದು ಬಂದ ಮೆಟ್ಟಿಲುಗಳು ಅದೇ ಕ್ರಮದಲ್ಲಿ ಅಲ್ಲಿವೆ. ಆ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಹಾಗಿದ್ದೂ ಅಲ್ಲಿನ ಹೆಂಗಸರ ಮಾತು ಎಂಥದು ಅಂತ ನಿಘಂಟು ಬರೆದವನು ತೀರ್ಪು ಕೊಟ್ಟುಬಿಟ್ಟ.

ತೀರ್ಪು ನಿಘಂಟಿನಲ್ಲೇ ನಿಲ್ಲಲಿಲ್ಲ. ಬಾಯಿಜೋರಿನ ಹೆಂಗಸರ ತಲೆಗೆ ಕಬ್ಬಿಣದ ಚೌಕಟ್ಟು ಹಾಕಿ, ನಾಲಿಗೆಯ ಮೇಲೆ ಕಬ್ಬಿಣದ ಪಟ್ಟಿ ಒತ್ತುವ ಹಾಗೆ ಬಿಗಿದು ಬೀದಿಯಲ್ಲಿ ನಡೆಸುವ ಶಿಕ್ಷೆ ಸ್ಕಾಟ್‌ಲೆಂಡಿನಲ್ಲೂ ಇಂಗ್ಲೆಂಡಿನ ಕೆಲವು ಊರುಗಳಲ್ಲೂ ಇತ್ತು. ಅದಕ್ಕೆ ಬ್ರ್ಯಾಂಕ್ಸ್ ಅಂತ ಹೆಸರು. ಗಾಸಿಪ್ಪಿನ ಕಡಿವಾಣ ಅಂತಲೂ ಕರೆದಿದ್ದಾರೆ. ನ್ಯೂಕ್ಯಾಸಲ್ಲಿನ ಆಡಳಿತದ ಮೇಲೆ ದೂರು ಹೇಳಿ ರಾಲ್ಫ್ ಗಾರ್ಡಿನರ್ 1655ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಆನ್ ಬಿಡ್ಲ್‌ಸ್ಟೋನ್ ಅನ್ನುವ ಹೆಂಗಸನ್ನು ಹೀಗೆ ಹಗ್ಗ ಹಿಡಿದು ನಡೆಸಿದ್ದನ್ನು ಕಣ್ಣಾರೆ ಕಂಡ ಸಾಕ್ಷಿಯ ಮಾತು ಇದೆ. ಕಬ್ಬಿಣದ ನಾಲಿಗೆ ಬಾಯಿಗೆ ತುರುಕಿ ರಕ್ತ ಬರುತ್ತಿತ್ತು ಅಂತ ಆ ಸಾಕ್ಷಿ ಹೇಳುತ್ತಾನೆ. ಅವಳು ಏನು ಮಾತಾಡಿದ್ದಳೋ ಆ ಪುಟದಲ್ಲಿಲ್ಲ.

ಹದಿನೆಂಟನೇ ಶತಮಾನದಲ್ಲಿ ಹೆರಿಗೆ ಕೋಣೆಗೆ ಗಂಡಸು ವೈದ್ಯರು ಬಂದರು. ಮಗುವನ್ನು ಹಿಡಿದು ಹೊರಗೆಳೆಯುವ ಇಕ್ಕಳ ಬಂತು. ಲಂಡನ್ನಿನಲ್ಲಿ ಹೆರಿಗೆ ಆಸ್ಪತ್ರೆಗಳು ಶುರುವಾದವು. ಎಷ್ಟೋ ಜೀವ ಉಳಿದದ್ದು ಆಧುನಿಕ ವೈದ್ಯದಿಂದ, ಅದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ನನ್ನ ಹೆರಿಗೆಯೂ ಆಸ್ಪತ್ರೆಯಲ್ಲೇ ಆದದ್ದು. ಆದರೆ ನೆರೆಯವರು ತುಂಬಿರುತ್ತಿದ್ದ ಕೋಣೆ ಮೆಲ್ಲಗೆ ಖಾಲಿಯಾಯಿತು. ಕೋಣೆ ಹೋದ ಮೇಲೆ ಪದದಲ್ಲಿ ಉಳಿದದ್ದು ಅದರ ಸದ್ದು ಮಾತ್ರ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಗಾಸಿಪ್ ಅನ್ನುವುದು ಮನುಷ್ಯರ ಹೆಸರಷ್ಟೇ ಆಗಿ ಉಳಿಯದೆ, ಮಾತಿನದೇ ಹೆಸರಾಯಿತು. ಅಜ್ಜ ಜಗಲಿಯಲ್ಲಿ ಕೂತು ಕೇಳಿದ ಗುಜುಗುಜು ಅದು.

ಚಾಡಿ ಒಳ್ಳೆಯದು ಅಂತ ನಾನು ವಾದ ಮಾಡುತ್ತಿಲ್ಲ. ಬಾಯಿಂದ ಬಾಯಿಗೆ ಹೋದ ಮಾತಿನಿಂದ ಮನೆ ಮುರಿದದ್ದನ್ನು, ಹುಡುಗಿಯರು ಶಾಲೆ ಬಿಟ್ಟದ್ದನ್ನು ನಮ್ಮ ಊರುಗಳಲ್ಲಿ ಯಾರು ನೋಡಿಲ್ಲ? ಆದರೆ ದೊಡ್ಡಮ್ಮ ಹೇಳಿದ ಬಾವಿಯ ಮಾತಿಗೂ ಅದಕ್ಕೂ ಒಂದೇ ಹೆಸರು ಇಟ್ಟಿದ್ದೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಗಂಡ ಹೊಡೆಯುತ್ತಾನೆ ಅನ್ನುವುದು, ಯಾವ ಡಾಕ್ಟರು ಸರಿಯಾಗಿ ನೋಡುವುದಿಲ್ಲ ಅನ್ನುವುದು, ಯಾವ ಬಾಸ್ ಜೊತೆ ಒಬ್ಬಳೇ ಕಾರಿನಲ್ಲಿ ಹೋಗಬಾರದು ಅನ್ನುವುದು, ಇದೆಲ್ಲ ಯಾವ ನೋಟಿಸ್ ಬೋರ್ಡಿನಲ್ಲೂ ಬರುವುದಿಲ್ಲ. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿಯೇ ಗೊತ್ತಾಗಬೇಕು.

ಇಂಗ್ಲಿಷಿನಲ್ಲಿ ಮಾತ್ರ ಹೀಗಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಲ್ಯಾಟಿನ್ನಿನಲ್ಲಿ ಗಾಡ್‌ಮದರನ್ನು ಮಗುವಿನ ತಾಯಿ ಕರೆಯುತ್ತಿದ್ದದ್ದು 'ಕೊಮ್ಮಾತೆರ್' ಅಂತ, ಅಂದರೆ ಜೊತೆತಾಯಿ. ಅದೂ ಜೋಡುಪದವೇ. ಫ್ರೆಂಚಿನಲ್ಲಿ ಅದು 'ಕೊಮೇರ್' ಆಯಿತು. ಮೊದಲು ಗಾಡ್‌ಮದರ್, ಆಮೇಲೆ ನೆರೆಯ ಗೆಳತಿ, ಆಮೇಲೆ ಬಾಯಿಬಡುಕಿ. ಚಾಡಿ ಮಾತಿಗೆ ಅಲ್ಲಿ 'ಕೊಮೆರಾಜ್' ಅನ್ನುತ್ತಾರೆ. ಇಂಗ್ಲಿಷ್ ಪದದ ಬೇರಿಗೂ ಇದರ ಬೇರಿಗೂ ಸಂಬಂಧವೇ ಇಲ್ಲ, ಆದರೂ ಎರಡೂ ಒಂದೇ ಇಳಿಜಾರಿನಲ್ಲಿ ಜಾರಿವೆ. ಸ್ಪ್ಯಾನಿಷಿನಲ್ಲಿ ಜೊತೆತಂದೆ ಅನ್ನುವ 'ಕೊಂಪಾದ್ರೆ' ಇದೆ. ಲ್ಯಾಟಿನ್ ಅಮೆರಿಕದಲ್ಲಿ ಗಂಡಸರು ಗೆಳೆಯನನ್ನು ಪ್ರೀತಿಯಿಂದ ಕರೆಯುವುದು ಇದೇ ಪದದಿಂದ. ಅದರ ಹೆಣ್ಣುರೂಪ 'ಕೊಮಾದ್ರೆ'. ಅದರಿಂದ ಹುಟ್ಟಿದ 'ಕೊಮಾದ್ರೆಯೊ' ಅಂದರೆ ಮತ್ತೆ ಅದೇ ಹರಟೆ, ಚಾಡಿ. ಆದರೆ ಅದೇ ಕೊಮಾದ್ರೆಗೆ ಇನ್ನೊಂದು ಮಗಳೂ ಇದ್ದಾಳೆ. ಹೆರಿಗೆ ಮಾಡಿಸುವ ಸೂಲಗಿತ್ತಿಯನ್ನು ಸ್ಪ್ಯಾನಿಷ್ ಮಾತಾಡುವವರು ಇವತ್ತಿಗೂ 'ಕೊಮಾದ್ರೋನ' ಅಂತ ಕರೆಯುತ್ತಾರೆ. ಓದಿ ತರಬೇತಿ ಪಡೆದು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೂ ಅದೇ ಹೆಸರು.